ಜಾರುವ ಬಟ್ಟೆಗೆ ಲಗಾಮು ಹಾಕುವುದು ಹೇಗೆ?

ನಾನು ಮೊದಲ ಸಲ ಸ್ಯಾಟಿನ್ ಟಾಪ್ ಹೊಲಿದಾಗ ಕೆಟ್ಟದ್ದು ಹೊಲಿಗೆ ಅಲ್ಲ. ಬಟ್ಟೆಯನ್ನು ಎರಡು ಮಡಿಕೆ ಮಾಡಿ, ನುಣುಪಾದ ಮೇಜಿನ ಮೇಲೆ ಹರವಿ, ಹತ್ತಿ ಬಟ್ಟೆ ಕತ್ತರಿಸಿದ ಹಾಗೇ ಸರಸರನೆ ಕತ್ತರಿಸಿಬಿಟ್ಟಿದ್ದೆ. ಮಡಿಕೆ ಬಿಚ್ಚಿ ನೋಡಿದರೆ ಎಡಭಾಗ ಬಲಭಾಗಕ್ಕಿಂತ ಎರಡು ಬೆರಳು ಉದ್ದ! ಕೆಳಗಿನ ಪದರ ಯಾವಾಗ ಜಾರಿತು ಅಂತ ಗೊತ್ತೇ ಆಗಿರಲಿಲ್ಲ. ಆಮೇಲೆ ಎಷ್ಟು ನೀಟಾಗಿ ಹೊಲಿದರೂ ಅದು ಒಂದು ಕಡೆಗೆ ವಾಲಿಕೊಂಡೇ ಇತ್ತು. ಈಗ ಆ ಟಾಪ್ ತುಂಡು ತುಂಡಾಗಿ ಟ್ರಯಲ್ ಹೊಲಿಗೆಗೆ ಬಳಕೆಯಾಗುತ್ತಿದೆ.

ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಶಿಫಾನ್, ಜಾರ್ಜೆಟ್, ಸ್ಯಾಟಿನ್, ಕ್ರೇಪ್, ತೆಳು ರೇಷ್ಮೆ, ರೇಯಾನ್ ಇವೆಲ್ಲ ಮೆಷಿನ್ ಮೇಲೆ ಕೆಡುವುದು ಕಡಿಮೆ, ಕತ್ತರಿಸುವ ಮೇಜಿನ ಮೇಲೆ ಕೆಡುವುದೇ ಜಾಸ್ತಿ. ಒಂದು ಟಾಪಿಗೆ ನಾಲ್ಕು ಗಂಟೆ ಸಮಯ ಇದ್ದರೆ ಅರ್ಧಕ್ಕಿಂತ ಹೆಚ್ಚನ್ನು ಕತ್ತರಿಸುವುದಕ್ಕೇ ಎತ್ತಿಡಿ. ಹೊಲಿಯುವುದು ಆಮೇಲೆ ತಾನಾಗೇ ಸಲೀಸಾಗುತ್ತದೆ.

ಯಾಕೆ ಜಾರುತ್ತದೆ?

ಹತ್ತಿಯ ನೂಲು ಅಂದರೆ ಗಿಡ್ಡ ಗಿಡ್ಡ ನಾರುಗಳನ್ನು ಸೇರಿಸಿ ಹೊಸೆದದ್ದು. ಆ ನಾರುಗಳ ತುದಿಗಳು ಸಣ್ಣಗೆ ಹೊರಗೆ ಚಾಚಿರುತ್ತವೆ, ಹಾಗಾಗಿ ಎರಡು ಪದರ ಇಟ್ಟರೆ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ರೇಷ್ಮೆ ಗೂಡಿನಿಂದ ಬಿಚ್ಚುವ ಎಳೆಯಾದರೋ ಒಂದೇ ಸಮನೆ ನೂರಾರು ಮೀಟರ್ ಉದ್ದ. ಪಾಲಿಯೆಸ್ಟರ್ ಎಳೆಗೆ ಕೊನೆ ಅನ್ನುವುದೇ ಇಲ್ಲ, ಎಷ್ಟು ಉದ್ದ ಬೇಕಾದರೂ ಎಳೆಯುತ್ತಾರೆ. ತುದಿಗಳೇ ಇಲ್ಲದ ಮೇಲೆ ಹಿಡಿದುಕೊಳ್ಳುವುದಕ್ಕೆ ಏನಿದೆ?

ಸ್ಯಾಟಿನ್‌ನಲ್ಲಿ ಇದರ ಜೊತೆಗೆ ನೇಯ್ಗೆಯ ಆಟವೂ ಸೇರುತ್ತದೆ. ಹಾಸಿನ ಎಳೆ (ಉದ್ದಕ್ಕೆ ಓಡುವುದು) ಒಂದು ಹೊಕ್ಕಿನ (ಅಡ್ಡ ಎಳೆಯ) ಕೆಳಗೆ ನುಸುಳಿ, ಆಮೇಲೆ ನಾಲ್ಕೋ ಅದಕ್ಕಿಂತ ಹೆಚ್ಚೋ ಹೊಕ್ಕುಗಳ ಮೇಲೆ ತೇಲಿಕೊಂಡು ಹೋಗುತ್ತದೆ. ಹೊಳಪು ಬರುವುದೂ ಅದರಿಂದ, ಜಾರುವುದೂ ಅದರಿಂದ, ಒರಟು ಉಗುರು ತಾಗಿದ ಕೂಡಲೇ ಎಳೆ ಕಿತ್ತು ಬರುವುದೂ ಅದರಿಂದಲೇ. (ಸ್ಯಾಟಿನ್ ಮುಟ್ಟುವ ಮೊದಲು ಕೈಗೆ ಸ್ವಲ್ಪ ಕ್ರೀಮ್ ಹಚ್ಚಿ, ಅದು ಪೂರ್ತಿ ಹೀರಿಕೊಂಡ ಮೇಲೆ ಕೂರಿ. ತಮಾಷೆಯಲ್ಲ.)

ಶಿಫಾನ್, ಜಾರ್ಜೆಟ್‌ಗಳ ಕಥೆ ಬೇರೆ. ನೇಯ್ಗೆ ಸಾದಾ, ಆದರೆ ಎಳೆಗಳನ್ನು ಬಿಗಿಯಾಗಿ ತಿರುಚಿ, ನಡುವೆ ಜಾಗ ಬಿಟ್ಟು ನೇಯ್ದಿರುತ್ತಾರೆ. ಇವು ಜಾರುತ್ತವೆ ಅನ್ನುವುದಕ್ಕಿಂತ ಓಲಾಡುತ್ತವೆ ಅನ್ನಬಹುದು. ನೀವು ಚೌಕವಾಗಿ ಇಟ್ಟ ತುಂಡು ಕೈ ತೆಗೆಯುವಷ್ಟರಲ್ಲಿ ಓರೆಯಾಗಿ ಮಲಗಿರುತ್ತದೆ.

ಕೊಳ್ಳುವಾಗ ಬೆರಳಿಗೆ ಕೆಲಸ ಕೊಡಿ

ಹೊಸಬರು ಅಂಗಡಿಗೆ ಹೋಗಿ ಮೊದಲು ಕೈ ಹಾಕುವುದೇ ಶಿಫಾನಿಗೆ, ಯಾಕೆಂದರೆ ಅದೇ ಚೆಂದ ಕಾಣುತ್ತದೆ. ನನ್ನ ಮಾತು ಕೇಳುವುದಾದರೆ ಕ್ರೇಪ್‌ನಿಂದ ಶುರು ಮಾಡಿ. ಮೈ ಸ್ವಲ್ಪ ತರಿತರಿಯಾಗಿರುವುದರಿಂದ ಮಾತು ಕೇಳುತ್ತದೆ. ಆಮೇಲೆ ಜಾರ್ಜೆಟ್, ಆಮೇಲೆ ಸ್ಯಾಟಿನ್, ಕೊನೆಗೆ ಶಿಫಾನ್. ಆರ್ಗಾಂಜಾ ನೋಡಲು ಇದೇ ಜಾತಿ ಅನಿಸಿದರೂ ಅದು ಗರಿಗರಿ ಬಟ್ಟೆ, ಅಷ್ಟು ಕಾಡುವುದಿಲ್ಲ.

ಬಣ್ಣ ನೋಡಿದ್ದಾದ ಮೇಲೆ ಒಂದು ಪರೀಕ್ಷೆ ಮಾಡಿ. ಬಟ್ಟೆಯನ್ನು ಎರಡೂ ಕೈಯ ಹೆಬ್ಬೆರಳು, ತೋರುಬೆರಳುಗಳ ನಡುವೆ ಒಂದು ಅಂಗುಲ ಅಂತರದಲ್ಲಿ ಹಿಡಿದು, ಹೆಬ್ಬೆರಳುಗಳನ್ನು ಒತ್ತಿ ಆ ಕಡೆ ಈ ಕಡೆ ಮೆಲ್ಲಗೆ ಜಗ್ಗಿ. ಎಳೆಗಳು ಸರಿದು ನಡುವೆ ಏಣಿಯ ಹಾಗೆ ಕಿಂಡಿ ಕಂಡಿತೋ, ಆ ಬಟ್ಟೆ ಬಿಗಿಯಾದ ಉಡುಪಿಗೆ ಬೇಡವೇ ಬೇಡ. ಮೈಗೆ ಅಂಟುವ ಹಾಗೆ ಹೊಲಿದರೆ ಕಂಕುಳಲ್ಲಿ, ಸೊಂಟದಲ್ಲಿ ಹೊಲಿಗೆಯ ಪಕ್ಕದಲ್ಲೇ ಬಟ್ಟೆ ಬಾಯಿ ಬಿಡುತ್ತದೆ. ಹೊಲಿಗೆ ಗಟ್ಟಿಯಾಗೇ ಇರುತ್ತದೆ, ಬಟ್ಟೆ ಹೋಗಿರುತ್ತದೆ. ಅಂಥದ್ದನ್ನು ಸಡಿಲವಾದ ಟಾಪಿಗೋ ಸ್ಕಾರ್ಫಿಗೋ ಇಟ್ಟುಕೊಳ್ಳಿ.

ರೇಷ್ಮೆ ಕೊಳ್ಳುವುದಾದರೆ ಅದರ ತೂಕವನ್ನು ಮೊಮ್ಮೆ ಎಂಬ ಅಳತೆಯಲ್ಲಿ ಹೇಳುತ್ತಾರೆ. 1 ಮೊಮ್ಮೆ ಅಂದರೆ ಚದರ ಮೀಟರಿಗೆ ಸುಮಾರು 4.34 ಗ್ರಾಂ. 8 ಮೊಮ್ಮೆಯ ಬಟ್ಟೆ ಸುಮಾರು 35 ಗ್ರಾಂ, ಊದಿದರೆ ಹಾರುವಷ್ಟು ಹಗುರ, ಒಳಗೆ ಲೈನಿಂಗ್ ಬೇಕೇ ಬೇಕು. 16 ಮೊಮ್ಮೆ ಅಂದರೆ 70 ಗ್ರಾಂ ಹತ್ತಿರ ಬಂತು, ಟಾಪಿಗೆ ಹಿತವಾದ ತೂಕ, ಕೈಗೂ ಸಿಗುತ್ತದೆ.

ಡಿಸೈನ್ ವಿಷಯದಲ್ಲಿ ಜಿಪುಣರಾಗಿ. ಜೋಡಣೆ ಕಡಿಮೆ ಇದ್ದಷ್ಟೂ ಒಳ್ಳೆಯದು. ಸುರುಕು, ನೆರಿಗೆ, ಅಗಲ ತೋಳು ಈ ಬಟ್ಟೆಗಳಿಗೆ ಹೇಳಿ ಮಾಡಿಸಿದ್ದು. ಜೇಬು, ಜಿಪ್, ಸಾಲು ಸಾಲು ಗುಂಡಿ ಇವುಗಳ ತಂಟೆ ಮೊದಲ ಪ್ರಯತ್ನದಲ್ಲಿ ಬೇಡ.

ತಂದ ಬಟ್ಟೆಯನ್ನು, ಹೊಲಿದ ಮೇಲೆ ಹೇಗೆ ಒಗೆಯುತ್ತೀರೋ ಹಾಗೇ ಒಮ್ಮೆ ಒಗೆದು ಒಣಗಿಸಿ. ರೇಯಾನ್ ಅಂತೂ ಕುಗ್ಗುವುದರಲ್ಲಿ ಎತ್ತಿದ ಕೈ. ಒದ್ದೆಯಾದಾಗ ಅದರ ಬಲವೂ ಕುಂದುತ್ತದೆ, ಆದ್ದರಿಂದ ಹಿಂಡಬೇಡಿ.

ಕತ್ತರಿಸುವುದು: ಇಲ್ಲಿ ಆತುರ ಬೇಡ

ಮೊದಲು ಬಟ್ಟೆಯ ತುದಿಯನ್ನು ನೇರ ಮಾಡಿಕೊಳ್ಳಬೇಕು. ಬಟ್ಟೆಯ ಉದ್ದಕ್ಕೆ ನೇಯ್ದು ಬಂದ ಗಟ್ಟಿ ಅಂಚಿನ ಹತ್ತಿರ ಕತ್ತರಿಯಿಂದ ಚಿಕ್ಕದಾಗಿ ಕಚ್ಚು ಹಾಕಿ, ಒಂದೇ ಒಂದು ಹೊಕ್ಕಿನ ಎಳೆ ಹಿಡಿದು ಮೆಲ್ಲಗೆ ಎಳೆಯಿರಿ. ಬಟ್ಟೆ ಸುರುಕಾಗುತ್ತಾ ಹೋಗುತ್ತದೆ, ಎಳೆ ಬಂದ ದಾರಿಯಲ್ಲಿ ಒಂದು ತೆಳುಗೆರೆ ಉಳಿಯುತ್ತದೆ. ಎಳೆ ನಡುವೆ ತುಂಡಾದರೆ ಗಾಬರಿ ಬೇಡ, ಅಲ್ಲಿಯವರೆಗೆ ಗೆರೆಯ ಮೇಲೆ ಕತ್ತರಿಸಿ ಪಕ್ಕದ ಎಳೆ ಹಿಡಿಯಿರಿ. ಆ ಗೆರೆಯೇ ನಿಮ್ಮ ನಿಜವಾದ ನೇರ. ಅಂಗಡಿಯಲ್ಲಿ ಕತ್ತರಿಸಿ ಕೊಟ್ಟ ಅಂಚನ್ನು ನಂಬಿ ಕೂತರೆ ಕೆಟ್ಟಿರಿ.

ಈಗ ಕಾಗದ. ಉಡುಗೊರೆ ಸುತ್ತುವ ತೆಳು ಟಿಶ್ಯೂ ಕಾಗದವನ್ನು ಮೇಜಿನ ಮೇಲೆ ಹಾಸಿ, ಮೂಲೆಗಳಿಗೆ ಟೇಪ್ ಅಂಟಿಸಿ. ಕಾಗದದ ಅಂಚು ನೆಟ್ಟಗಿರಬೇಕು, ಯಾಕೆಂದರೆ ಅದೇ ಸ್ಕೇಲು. ಅದರ ಮೇಲೆ ಬಟ್ಟೆಯನ್ನು ಒಂದೇ ಪದರದಲ್ಲಿ ಹರವಿ. ಹೌದು, ಒಂದೇ ಪದರ, ಮಡಿಕೆ ಇಲ್ಲವೇ ಇಲ್ಲ. ನೀವು ಎಳೆ ತೆಗೆದು ಕತ್ತರಿಸಿದ ತುದಿಯನ್ನು ಕಾಗದದ ಒಂದು ಅಂಚಿಗೆ, ಬಟ್ಟೆಯ ನೇಯ್ದ ಅಂಚನ್ನು ಇನ್ನೊಂದಕ್ಕೆ ಹೊಂದಿಸಿ, ಅಂಗೈಯಿಂದ ಉಜ್ಜದೆ ತಟ್ಟಿ ತಟ್ಟಿ ಕೂರಿಸಿ. ಬಟ್ಟೆಯ ಒಂದು ಭಾಗವೂ ಮೇಜಿನಿಂದ ಕೆಳಗೆ ಜೋತಾಡಬಾರದು, ಜೋತಾಡಿದ ಭಾರಕ್ಕೆ ಉಳಿದದ್ದೆಲ್ಲ ಎಳೆದುಕೊಳ್ಳುತ್ತದೆ. ಜಾಗ ಸಾಲದಿದ್ದರೆ ನೆಲದ ಮೇಲೇ ಮಾಡಿ, ಮೊಣಕಾಲು ನೋಯುತ್ತದೆ ಅಷ್ಟೇ. ಹರವಿದ ಮೇಲೆ ಕಾಲು ಗಂಟೆ ಸುಮ್ನೆ ಬಿಟ್ಟು ಬನ್ನಿ. ಎಳೆದಾಡಿದ ಬಟ್ಟೆ ತನ್ನ ಅಳತೆಗೆ ಮರಳಲಿ.

ಅರ್ಧ ಪ್ಯಾಟರ್ನ್ (ಅಳತೆಗೆ ಕತ್ತರಿಸಿದ ಕಾಗದದ ಮಾದರಿ) ಇದ್ದರೆ ಅದನ್ನು ಪೂರ್ತಿ ಮಾಡಿಕೊಳ್ಳಿ. ತೋಳನ್ನು ಒಂದು ಸಲ ಸೀದಾ ಇಟ್ಟು, ಇನ್ನೊಂದು ಸಲ ಮಗುಚಿ ಇಟ್ಟು ಕತ್ತರಿಸಿ. ಮಗುಚಲು ಮರೆತರೆ ಎರಡೂ ಎಡತೋಳೇ ಆಗುತ್ತವೆ, ನನ್ನ ಹತ್ತಿರ ಅಂಥ ಒಂದು ಜೋಡಿ ಇದೆ. ಪ್ಯಾಟರ್ನ್ ಮೇಲೆ ಗುಂಡುಸೂಜಿಯ ಬದಲು ಭಾರ ಇಡಿ, ಚಪ್ಪಟೆಯಾದದ್ದು ಯಾವುದಾದರೂ ಸರಿ. ಸೂಜಿಯೇ ಬೇಕೆಂದರೆ ತೀರಾ ಸಣ್ಣದನ್ನು, ಮಾರ್ಜಿನ್ (ಹೊಲಿಗೆಯಿಂದ ಆಚೆ ಅಂಚಿನವರೆಗೆ ಬಿಡುವ ಜಾಗ) ಒಳಗೆ ಮಾತ್ರ ಚುಚ್ಚಿ, ಸ್ಯಾಟಿನ್ ಮೇಲೆ ಬಿದ್ದ ತೂತು ಹೋಗುವುದಿಲ್ಲ. ಆಮೇಲೆ ಕಾಗದ, ಬಟ್ಟೆ ಎರಡನ್ನೂ ಸೇರಿಸಿ ಕತ್ತರಿಸಿ. ಕತ್ತರಿಯ ಕೆಳಗಿನ ಅಲಗು ಮೇಜು ಬಿಟ್ಟು ಏಳಬಾರದು, ಉದ್ದುದ್ದ ಹೊಡೆತ ಇರಲಿ. ಕಾಗದ ಕತ್ತರಿಸಿದರೆ ಕತ್ತರಿ ಮೊಂಡಾಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜವೇ, ಆದರೆ ಕತ್ತರಿಯನ್ನು ಸಾಣೆ ಹಿಡಿಸಬಹುದು, ಕೆಟ್ಟ ಬಟ್ಟೆಯನ್ನಲ್ಲ. ರೋಟರಿ ಕಟರ್ (ಉರುಳುವ ಚಕ್ರದ ಅಲಗು), ಅದರ ಅಡಿಗೆ ಹಾಸುವ ಮ್ಯಾಟ್ ಇದ್ದವರಿಗೆ ಇನ್ನೂ ಸುಲಭ, ಬಟ್ಟೆಯನ್ನು ಎತ್ತುವ ಪ್ರಮೇಯವೇ ಇಲ್ಲ.

ಇಷ್ಟೆಲ್ಲ ಮಾಡಿಯೂ ಓಡುವ ಬಟ್ಟೆಗೆ ಗಂಜಿ ಹಾಕಿ. ನೀರು ತಾಗಿದರೆ ಕೆಡದ ಬಟ್ಟೆಯನ್ನು ತೆಳು ಗಂಜಿಯಲ್ಲೋ ಜೆಲಟಿನ್ ಕರಗಿಸಿದ ನೀರಿನಲ್ಲೋ ಅದ್ದಿ, ಚಪ್ಪಟೆಯಾಗಿ ಒಣಗಿಸಿದರೆ ಕಾಗದದಂತೆ ನಿಲ್ಲುತ್ತದೆ, ಹೊಲಿದಾದ ಮೇಲೆ ಒಗೆದರೆ ಹೋಗುತ್ತದೆ. ಒಂದು ತುಂಡಿನ ಮೇಲೆ ಮೊದಲು ನೋಡಿ.

ಕತ್ತರಿಸಿದ ಕೂಡಲೇ, ಕಾಗದದಿಂದ ಎತ್ತುವ ಮುಂಚೆಯೇ, ಕುತ್ತಿಗೆ ಮತ್ತು ತೋಳಿನ ಸುತ್ತು ಅಂಚಿನಿಂದ 1 ಸೆಂ.ಮೀ. ಒಳಗೆ ಒಂದು ಸಾಲು ಹೊಲಿಗೆ ಹಾಕಿಬಿಡಿ, ಕಾಗದ ಸಮೇತ. ಎತ್ತಾಡುವಾಗ ಆ ದುಂಡು ಹಿಗ್ಗುವುದು ನಿಲ್ಲುತ್ತದೆ.

ಸೂಜಿ, ದಾರ, ಮೆಷಿನ್

ಹೊಸ ಸೂಜಿ ಹಾಕಿ. ಹೋದ ತಿಂಗಳು ಹಾಕಿದ್ದು ಹೊಸದಲ್ಲ. 65/9 ಅಥವಾ 70/10ರ (ಇವು ಸೂಜಿಯ ದಪ್ಪದ ನಂಬರು) ಚೂಪು ಮೊನೆಯದು, ಮೈಕ್ರೋಟೆಕ್ಸ್ ಅಂತ ಕೇಳಿದರೆ ಕೊಡುತ್ತಾರೆ. ತೀರಾ ತೆಳು ಶಿಫಾನಿಗೆ 60/8. ಹೊಲಿಯುವಾಗ ಬಟ್ಟೆಯ ಅಡ್ಡಕ್ಕೆ ಎಳೆ ಜಗ್ಗಿದ ಗೆರೆ ಮೂಡುತ್ತಿದ್ದರೆ ಸೂಜಿ ಮೊಂಡಾಗಿದೆ ಅಂತಲೇ ಅರ್ಥ. ದಾರ ತೆಳುವಾದ ಪಾಲಿಯೆಸ್ಟರ್ ಅಥವಾ ರೇಷ್ಮೆಯದಿರಲಿ. ಬಾಬಿನ್ (ಕೆಳಗಿನ ದಾರದ ಪುಟ್ಟ ಉರುಳೆ) ಸುತ್ತುವಾಗ ನಿಧಾನ. ಜೋರಾಗಿ ಸುತ್ತಿದರೆ ಪಾಲಿಯೆಸ್ಟರ್ ದಾರ ಹಿಗ್ಗಿಕೊಂಡು ಕೂರುತ್ತದೆ, ಹೊಲಿದ ಮೇಲೆ ಕುಗ್ಗಿ ಇಡೀ ಸಾಲನ್ನೇ ಸುಕ್ಕಾಗಿಸುತ್ತದೆ. ಆಗ ನಾವು ಕಾರಣ ತಿಳಿಯದೆ ಟೆನ್ಷನ್ (ದಾರದ ಬಿಗಿತ) ತಿರುಗಿಸುತ್ತಾ ಕೂರುತ್ತೇವೆ.

ಹೊಲಿಗೆಯ ಉದ್ದ 2 ಮಿ.ಮೀ. ಆಸುಪಾಸು. ಮೇಲಿನ ಟೆನ್ಷನ್ ಸ್ವಲ್ಪ ಸಡಿಲ, ಫೂಟಿನ (ಬಟ್ಟೆಯನ್ನು ಒತ್ತಿ ಹಿಡಿಯುವ ಪಾದದ) ಒತ್ತಡ ಕಡಿಮೆ ಮಾಡುವ ತಿರುಪು ಇದ್ದರೆ ಅದೂ ಸಡಿಲ. ಅದೇ ಬಟ್ಟೆಯ ಎರಡು ಪದರ ಇಟ್ಟು, ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಹೊಲಿದು ನೋಡಿ. ಎರಡರಲ್ಲೂ ಫಲ ಒಂದೇ ಇರುವುದಿಲ್ಲ.

ಮೆಷಿನ್ ಬಟ್ಟೆ ನುಂಗುವುದು ಎಲ್ಲರ ದೂರು, ಅಲ್ವಾ? ಸೂಜಿ ಇಳಿಯುವ ಜಾಗ ನೋಡಿ. ಜಿಗ್‌ಜಾಗ್ ಮೆಷಿನ್‌ನ ತಟ್ಟೆಯಲ್ಲಿ ಅಗಲವಾದ ಸೀಳಿರುತ್ತದೆ, ಸೂಜಿ ಅದರ ನಟ್ಟನಡುವೆ ಇಳಿಯುತ್ತದೆ, ಬಟ್ಟೆಗೆ ಸುತ್ತ ಆಸರೆಯೇ ಇಲ್ಲ. ಹಾಗಾಗಿ ಸೂಜಿಯ ಜೊತೆ ಬಟ್ಟೆಯೂ ಒಳಗೆ ಇಳಿದು ದಾರ ಉಂಡೆ ಕಟ್ಟುತ್ತದೆ. ಒಂದೇ ಸಣ್ಣ ತೂತಿನ ತಟ್ಟೆ ಸಿಕ್ಕರೆ ಹಾಕಿ. ಇಲ್ಲದಿದ್ದರೆ ಸೂಜಿಯನ್ನು ಎಡಗಡೆಗೆ ಸರಿಸಿಕೊಳ್ಳಿ, ಒಂದು ಬದಿಗಾದರೂ ಆಸರೆ ಸಿಗುತ್ತದೆ. ಬೇರೆ ಚೂರು ಬಟ್ಟೆಯ ಮೇಲೆ ಹೊಲಿಗೆ ಶುರು ಮಾಡಿ, ನಿಲ್ಲಿಸದೆ ನಿಮ್ಮ ಬಟ್ಟೆಗೆ ದಾಟಿ. ತುದಿಯಲ್ಲಿ ಹಿಂದೆ ಮುಂದೆ ಹೊಲಿಯಬೇಡಿ, ದಾರ ಉದ್ದ ಬಿಟ್ಟು ಕೈಯಲ್ಲಿ ಗಂಟು ಹಾಕಿ. ಇಷ್ಟಾದರೂ ನುಂಗಿದರೆ ಬಟ್ಟೆಯ ಕೆಳಗೆ ಟಿಶ್ಯೂ ಕಾಗದದ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹೊಲಿಗೆಯ ಮೇಲೆ ಬೆರಳು ಒತ್ತಿಕೊಂಡು ಕಾಗದ ಹರಿಯಿರಿ.

ಎರಡು ಪದರ ಸೇರಿಸುವ ಮುಂಚೆ ಕಚ್ಚಾ ಹೊಲಿಗೆ ಹಾಕಿ. ಬೇಜಾರಿನ ಕೆಲಸ, ಗೊತ್ತು. ಆದರೆ ಸ್ಯಾಟಿನ್ ಬಿಚ್ಚಿ ಮತ್ತೆ ಹೊಲಿದರೆ ಹಳೆಯ ತೂತುಗಳು ಸಾಲಾಗಿ ಕಾಣುತ್ತವೆ. ಕೈ ಮುಂದೂ ಹಿಂದೂ ಬಟ್ಟೆಯನ್ನು ಹಗುರವಾಗಿ ಬಿಗಿ ಹಿಡಿದಿರಲಿ. ಎಳೆಯಬೇಡಿ, ಮೆಷಿನ್‌ನ ಹಲ್ಲು ತಾನೇ ತಳ್ಳುತ್ತದೆ.

ಜೋಡಣೆಗೆ ಫ್ರೆಂಚ್ ಹೊಲಿಗೆ

ಈ ಬಟ್ಟೆಗಳು ಪಿಸಿಪಿಸಿ ಎಳೆ ಬಿಡುತ್ತವೆ, ಶಿಫಾನ್‌ನಲ್ಲಂತೂ ಒಳಗಿನ ಓವರ್‌ಲಾಕ್ (ಅಂಚಿನ ಎಳೆ ಬಿಡದಂತೆ ಸುತ್ತುವ ಹೊಲಿಗೆ) ಹೊರಗೆ ಕಾಣುತ್ತದೆ. ಹಾಗಾಗಿ ಮಾರ್ಜಿನ್ 15 ಮಿ.ಮೀ. ಬಿಟ್ಟು ಹೀಗೆ ಮಾಡಿ. ಉಲ್ಟಾ ಮೈಗಳು ಒಂದಕ್ಕೊಂದು ತಾಗುವ ಹಾಗೆ, ಅಂದರೆ ತಪ್ಪಾಗಿ ಇಟ್ಟಿದ್ದೇನೆ ಅನಿಸುವ ಹಾಗೆ ಇಟ್ಟು, ಅಂಚಿನಿಂದ 6 ಮಿ.ಮೀ.ಗೆ ಹೊಲಿಯಿರಿ. ಹೊರಗೆ ಉಳಿದದ್ದನ್ನು 3 ಮಿ.ಮೀ.ಗೆ ಕತ್ತರಿಸಿ, ಒಂದು ಎಳೆಯೂ ಉದ್ದ ಬಿಡಬೇಡಿ. ಈಗ ಮಗುಚಿ, ಹೊಲಿಗೆ ಸರಿಯಾಗಿ ಅಂಚಿಗೆ ಬರುವಂತೆ ಇಸ್ತ್ರಿ ಮಾಡಿ, 9 ಮಿ.ಮೀ.ಗೆ ಇನ್ನೊಂದು ಹೊಲಿಗೆ. ಬಿಡಿ ಎಳೆಗಳೆಲ್ಲ ಒಳಗೆ ಬಂದಿ. ಕತ್ತರಿಸುವಾಗ ಉದಾಸೀನ ಮಾಡಿದರೆ ಸೀದಾ ಕಡೆಯಿಂದ ಮೀಸೆ ಇಣುಕುತ್ತದೆ, ಎಳೆದರೂ ಬರುವುದಿಲ್ಲ.

ಇಸ್ತ್ರಿಯನ್ನು ಉಜ್ಜಬೇಡಿ, ಇಟ್ಟು ಎತ್ತಿ. ಪಾಲಿಯೆಸ್ಟರಿಗೆ ಕಡಿಮೆ ಬಿಸಿ, ಜಾಸ್ತಿಯಾದರೆ ಕರಗುತ್ತದೆ. ರೇಷ್ಮೆಯ ಮೇಲೆ ನೀರು ಚಿಮುಕಿಸುವ ಮುಂಚೆ ತುಂಡಿನ ಮೇಲೆ ನೋಡಿ, ಕೆಲವಕ್ಕೆ ಕಲೆ ಉಳಿಯುತ್ತದೆ.

ಕೆಳ ಅಂಚು

ಕ್ರಾಸ್ ಕಟ್ (ಎಳೆಗಳಿಗೆ ಓರೆಯಾಗಿ ಕತ್ತರಿಸಿದ್ದು) ಇರುವ ಸ್ಕರ್ಟ್ ಅಥವಾ ಫ್ರಾಕ್ ಆದರೆ ಹೊಲಿದ ದಿನವೇ ಅಂಚು ಮಡಿಸಬೇಡಿ. ಹ್ಯಾಂಗರಿಗೆ ಹಾಕಿ ಒಂದು ಇಡೀ ದಿನ ಜೋತುಬಿಡಿ. ಕ್ರಾಸ್ ಬರುವ ಕಡೆ ಬಟ್ಟೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ನೇರ ಇರುವ ಕಡೆ ಇಳಿಯುವುದಿಲ್ಲ. ಮಾರನೇ ದಿನ ತೊಟ್ಟುಕೊಂಡು ನಿಂತು, ಬೇರೆಯವರ ಕೈಯಲ್ಲಿ ನೆಲದಿಂದ ಸುತ್ತಲೂ ಒಂದೇ ಎತ್ತರಕ್ಕೆ ಗುರುತು ಹಾಕಿಸಿ, ಹೆಚ್ಚಾದದ್ದನ್ನು ಕತ್ತರಿಸಿ. ಆ ಗುರುತು ಹಾಕುವವರು ಬಗ್ಗಿ ನೋಡಿದಾಗ ನೀವೂ ಬಗ್ಗಿ ನೋಡಿದರೆ ಎಲ್ಲ ಹಾಳು. ನೆಟ್ಟಗೆ ನಿಲ್ಲಬೇಕು.

ಅಂಚಿನಿಂದ 6 ಮಿ.ಮೀ. ಒಳಗೆ ಒಂದು ಹೊಲಿಗೆ ಹಾಕಿ. ಆ ಗೆರೆಯ ಮೇಲೇ ಉಲ್ಟಾ ಕಡೆಗೆ ಮಡಿಸಿ, ಮಡಿಕೆಗೆ ತೀರಾ ಒತ್ತಿಕೊಂಡು ಇನ್ನೊಂದು ಹೊಲಿಗೆ. ಚಿಕ್ಕ ಚೂಪು ಕತ್ತರಿಯಿಂದ ಮಿಕ್ಕ ಬಟ್ಟೆಯನ್ನು ಹೊಲಿಗೆಯ ಬುಡಕ್ಕೇ ಕತ್ತರಿಸಿ. ಇನ್ನೊಮ್ಮೆ ಮಡಿಸಿ, ಎರಡನೇ ಹೊಲಿಗೆಯ ಮೇಲೇ ಮೂರನೆಯದು ಬರಲಿ. ಗೋಧಿಕಾಳಿನ ದಪ್ಪವೂ ಇರದ ಅಂಚು ಸಿಗುತ್ತದೆ. ಕತ್ತರಿಸುವ ಆ ಒಂದು ಸುತ್ತು ಮಾತ್ರ ಟಿವಿ ನೋಡುತ್ತಾ ಮಾಡಬೇಡಿ. ಕತ್ತರಿಯ ತುದಿ ಕೆಳಗಿನ ಪದರಕ್ಕೆ ತಾಗಿದ್ದು ಗೊತ್ತಾಗುವುದು ಪೂರ್ತಿ ಹೊಲಿದಾದ ಮೇಲೆಯೇ.