ವಿಂಡೋಸ್ ಪಕ್ಕದಲ್ಲೇ ಲಿನಕ್ಸ್: ಆ ಒಂದು ಪರದೆಯಲ್ಲಿ ಎಡವಬೇಡಿ

ವಿಂಡೋಸ್ ಇರುವ ಕಂಪ್ಯೂಟರಿನಲ್ಲೇ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಹಾಕಲು ಹೋಗಿ ಫೋಟೋ, ಫೈಲು ಎಲ್ಲ ಕಳೆದುಕೊಂಡು ಪೆಚ್ಚುಮೋರೆ ಹಾಕಿಕೊಂಡವರನ್ನು ಸುಮಾರು ನೋಡಿದ್ದೇನೆ. ಎಲ್ಲರೂ ಎಡವಿದ್ದು ಹೆಚ್ಚುಕಡಿಮೆ ಒಂದೇ ಪರದೆಯಲ್ಲಿ.

ಮೊದಲು ಬ್ಯಾಕಪ್, ಅದೂ ಬೇರೆ ಡಿಸ್ಕಿಗೆ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಆನ್ ಇದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ಶಟ್‌ಡೌನ್ ಮಾಡಿದ ಮೇಲೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ.

ಲಿನಕ್ಸಿಗೆ ಜಾಗ ಬಿಡಿಸಲು ವಿಂಡೋಸಿನದೇ ಡಿಸ್ಕ್ ಮ್ಯಾನೇಜ್‌ಮೆಂಟ್ ಸಾಕು. ಫ್ರೀ ಅಂತ ಹೇಳಿ ಕೊನೇ ಬಟನ್ನಿನಲ್ಲಿ ದುಡ್ಡು ಕೇಳುವ ಪಾರ್ಟಿಷನ್ (ಡಿಸ್ಕ್ ಭಾಗ ಮಾಡುವ) ಸಾಫ್ಟ್‌ವೇರುಗಳ ಸಹವಾಸ ಬೇಡ. ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ, ಶ್ರಿಂಕ್ ವಾಲ್ಯೂಮ್ ಒತ್ತಿ. ಅಲ್ಲಿ ಲೆಕ್ಕ ಎಂಬಿಯಲ್ಲಿ, 50 ಜಿಬಿ ಬೇಕಿದ್ದರೆ 51200 ಎಂದು ಹಾಕಬೇಕು. ಬಂದ ಖಾಲಿ ಜಾಗವನ್ನು ಹಾಗೇ ಬಿಡಿ. ಅದಕ್ಕೆ ಡ್ರೈವ್ ಅಕ್ಷರ ಕೊಟ್ಟು ಫಾರ್ಮ್ಯಾಟ್ ಮಾಡುವ ಉತ್ಸಾಹ ಬೇಡ.

8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ಸಾಫ್ಟ್‌ವೇರಿನಿಂದ ಲಿನಕ್ಸಿನ ಐಎಸ್‌ಒ (ಇನ್‌ಸ್ಟಾಲ್ ಫೈಲು) ಬರೆಯಿರಿ, ಅದರಿಂದಲೇ ಬೂಟ್ ಮಾಡಿ. ಮೊದಲ ಸಲವಾದರೆ ಲಿನಕ್ಸಿನ ಬಗೆಗಳಲ್ಲಿ ಮಿಂಟ್ ಹಾಕಿ, ಯಾವುದು ಒಳ್ಳೆಯದು ಅನ್ನುವ ಜಗಳ ಆಮೇಲೆ ಇದ್ದೇ ಇದೆ.

ಈಗ ಬಂತು ಆ ಪರದೆ. 'ಇನ್‌ಸ್ಟಾಲ್ ಅಲಾಂಗ್‌ಸೈಡ್' ಕಂಡರೆ ಅದನ್ನೇ ಆರಿಸಿ. ಅದರ ಹತ್ತಿರವೇ 'ಇರೇಸ್ ಡಿಸ್ಕ್' ಅಂತ ಇರುತ್ತದೆ, ಹೆಸರೇ ಹೇಳುವ ಹಾಗೆ ಇಡೀ ಡಿಸ್ಕ್ ಗುಡಿಸಿಹಾಕುತ್ತದೆ, ಆದರೂ ಗಡಿಬಿಡಿಯಲ್ಲಿ ಜನ ಒತ್ತುವುದು ಅದನ್ನೇ. ಅಲಾಂಗ್‌ಸೈಡ್ ಕಾಣದಿದ್ದರೆ 'ಸಮ್‌ಥಿಂಗ್ ಎಲ್ಸ್'ಗೆ ಹೋಗಿ. ಪಟ್ಟಿಯಲ್ಲಿ 'ಫ್ರೀ ಸ್ಪೇಸ್' ಹುಡುಕಿ, ಗಾತ್ರ ನೀವು ಬಿಡಿಸಿದಷ್ಟೇ ಇದೆಯಾ ನೋಡಿ. ಪ್ಲಸ್ ಒತ್ತಿ, ಇಎಕ್ಸ್‌ಟಿ4 (ಲಿನಕ್ಸಿನ ಫೈಲ್ ಸಿಸ್ಟಮ್) ಆರಿಸಿ, ಮೌಂಟ್ ಪಾಯಿಂಟ್ ಜಾಗದಲ್ಲಿ ಬರೀ / ಹಾಕಿ. ಮೇಲೆ 100 ಎಂಬಿ ಆಸುಪಾಸಿನ ಇಎಫ್‌ಐ ಪಾರ್ಟಿಷನ್ ಇರುತ್ತದಲ್ಲ, ವಿಂಡೋಸ್ ಶುರುವಾಗುವುದೇ ಅಲ್ಲಿಂದ. ಲಿನಕ್ಸೂ ಅದನ್ನೇ ಹಂಚಿಕೊಳ್ಳಲಿ, ಆದರೆ ಫಾರ್ಮ್ಯಾಟ್ ಟಿಕ್ ಮಾತ್ರ ಬೀಳಬಾರದು. ಕೊನೆಗೆ ಯಾವ್ಯಾವುದನ್ನು ಫಾರ್ಮ್ಯಾಟ್ ಮಾಡುತ್ತೇನೆಂದು ಒಂದು ಚಿಕ್ಕ ಕಿಟಕಿ ತೋರಿಸುತ್ತದೆ. ಅಲ್ಲಿ ನೀವು ಈಗಷ್ಟೇ ಮಾಡಿದ ಇಎಕ್ಸ್‌ಟಿ4 ಬಿಟ್ಟು ಬೇರೇನಾದರೂ ಕಂಡರೆ ಸುಮ್ನೆ ಹಿಂದೆ ಬನ್ನಿ. ಅಲ್ಲಿಯವರೆಗೂ ಏನೂ ಅಳಿಸಿರುವುದಿಲ್ಲ.

ಉಳಿದದ್ದು ನೆಕ್ಸ್ಟ್, ನೆಕ್ಸ್ಟ್ ಅಷ್ಟೇ. ರೀಸ್ಟಾರ್ಟ್ ಆದಾಗ ಯಾವ ಸಿಸ್ಟಮ್ ಬೇಕೆಂದು ಕೇಳುವ ಗ್ರಬ್ ಮೆನು ಬರದೆ ನೇರ ವಿಂಡೋಸ್ ಬಂದರೆ ಬಯಾಸ್‌ನಲ್ಲಿ (ಕಂಪ್ಯೂಟರಿನ ಆರಂಭದ ಸೆಟ್ಟಿಂಗ್) ಬೂಟ್ ಕ್ರಮ ಬದಲಿಸಿ.

ಆಮೇಲೆ ವಿಂಡೋಸಿಗೆ ಹೋದಾಗ ಗಡಿಯಾರ ತಪ್ಪು ತೋರಿಸಿದರೆ ವೈರಸ್ ಅಂದುಕೊಳ್ಳಬೇಡಿ. ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದು ಓದುತ್ತದೆ, ವಿಂಡೋಸ್ ಸ್ಥಳೀಯ ಸಮಯ ಎಂದು ಓದುತ್ತದೆ. ಇಬ್ಬರಲ್ಲಿ ಒಬ್ಬರ ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ.