ಆಷಾಢ ದಾಟುವ ಸಾಲ್ವಿಯಾ, ದಾಟದ ಸಾಲ್ವಿಯಾ

ನಮ್ಮ ಮನೆ ಮೂಡಿಗೆರೆ ಕಡೆ, ಕಾಫಿ ತೋಟದ ಅಂಚಿನಲ್ಲಿದೆ. ಇಲ್ಲಿ ಹೊಸ ಹೂಗಿಡ ತರುವ ಮೊದಲು ಕೇಳಬೇಕಾದದ್ದು ಒಂದೇ ಪ್ರಶ್ನೆ. ಇದು ಆಷಾಢ ದಾಟುತ್ತಾ? ಸಾಲ್ವಿಯಾ ವಿಷಯದಲ್ಲಿ ಉತ್ತರ ಅದರ ತವರಿನ ಮೇಲೆ ನಿಂತಿದೆ.

ಸಾಲ್ವಿಯಾ ಅಂದರೆ ನಮ್ಮಲ್ಲಿ ಎಲ್ಲರಿಗೂ ನೆನಪಾಗುವುದು ಶಾಲೆ, ಬ್ಯಾಂಕುಗಳ ಮುಂದೆ ಸಾಲಾಗಿ ನೆಡುವ ಕೆಂಪು ಹೂವು. ಅದು ಬ್ರೆಜಿಲ್ ಮೂಲದ ಸಾಲ್ವಿಯಾ ಸ್ಪ್ಲೆಂಡೆನ್ಸ್. ಆದರೆ ಈ ಕುಲದಲ್ಲಿ ಸಾವಿರದ ಹತ್ತಿರ ಜಾತಿಗಳಿವೆ. ತುಳಸಿ, ತುಂಬೆ, ದೊಡ್ಡಪತ್ರೆ, ಪುದೀನ ಎಲ್ಲ ಇದರ ನೆಂಟರೇ. ದಂಟನ್ನು ಬೆರಳಲ್ಲಿ ಹಿಡಿದು ತಿರುಗಿಸಿ ನೋಡಿ, ನಾಲ್ಕು ಮೂಲೆ ಸಿಗುತ್ತವೆ. ಕೆಂಪು ಸಾಲ್ವಿಯಾದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಬೀಜಕ್ಕೆ ಬೆಳಕು ಬೇಕು, ಮಣ್ಣಲ್ಲಿ ಹೂಳದೆ ಮೇಲೆ ಉದುರಿಸಿ ಸುಮ್ನೆ ಅದುಮಿದರೆ ಸಾಕು.

ನನಗೆ ಇಷ್ಟವಾದದ್ದು ಮೆಕ್ಸಿಕೋದ ಸಾಲ್ವಿಯಾ ಲ್ಯೂಕಾಂಥಾ. ನೇರಳೆ ಬಣ್ಣದ ಮಖಮಲ್ಲಿನಂಥ ತೆನೆ, ಅದರೊಳಗಿಂದ ಇಣುಕುವ ಬಿಳಿ ಹೂವು. ಬಿಳಿ ಹೂ ಉದುರಿದರೂ ಅದರ ಬುಡದ ನೇರಳೆ ಬಟ್ಟಲು, ಅಂದರೆ ಪುಷ್ಪಪಾತ್ರೆ, ಉಳಿಯುವುದರಿಂದ ಗಿಡ ತಿಂಗಳುಗಟ್ಟಲೆ ಹೂ ಬಿಟ್ಟಂತೆಯೇ ಕಾಣುತ್ತದೆ. ಹಗಲು ಚಿಕ್ಕದಾದಾಗ ಮೊಗ್ಗಾಗುವ ಜಾತಿ ಇದು. ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ನಮ್ಮ ಅಂಗಳ ನೇರಳೆಯಾಗುತ್ತದೆ. ಮಳೆಗೂ ಜಗ್ಗುವುದಿಲ್ಲ, ಆದರೆ ಬುಡದಲ್ಲಿ ನೀರು ನಿಲ್ಲಬಾರದು. ಅದಕ್ಕೇ ಇಳಿಜಾರಿನಲ್ಲಿ ಏರಿ ಮಾಡಿ, ಪಕ್ಕದಲ್ಲಿ ಬಸಿಗಾಲುವೆ ತೆಗೆದು ನೆಟ್ಟಿದ್ದೇನೆ. ಹೂ ಮುಗಿದ ಮೇಲೆ ಗೇಣುದ್ದ ಬಿಟ್ಟು ಪೂರ್ತಿ ಕತ್ತರಿಸುತ್ತೇನೆ, ಬುಡದಿಂದ ಹೊಸ ಚಿಗುರು ಬರುತ್ತದೆ. ಇದಕ್ಕೆ ಸೂರಕ್ಕಿಗಳು ಬಿಡದೆ ಬರುತ್ತವೆ. ಅಮೆರಿಕದ ಕಾಡುಗಳಲ್ಲಿ ಹಮ್ಮಿಂಗ್ ಬರ್ಡ್ ಮಾಡುವ ಕೆಲಸ ಇಲ್ಲಿ ಸೂರಕ್ಕಿಯ ಪಾಲಿಗೆ ಬಂದಿದೆ.

ಹೂವಿನ ಒಳಗೂ ಒಂದು ಚಂದದ ಏರ್ಪಾಡಿದೆ. ಸಾಲ್ವಿಯಾಕ್ಕೆ ಕೆಲಸ ಮಾಡುವ ಕೇಸರಗಳು ಎರಡೇ. ಬಹಳಷ್ಟು ಜಾತಿಗಳಲ್ಲಿ ಅವು ಏತದ ಹಾಗೆ ಕೂತಿರುತ್ತವೆ. ಜೇನುನೊಣ ತಲೆ ತೂರಿಸಿ ಕೆಳತುದಿಯನ್ನು ಒತ್ತಿದರೆ ಮೇಲ್ತುದಿ ಬಾಗಿ ಬೆನ್ನಿಗೆ ಪರಾಗ ಸವರುತ್ತದೆ.

ಕಷ್ಟ ಇರುವುದು ಅಡುಗೆಯ ಸೇಜ್‌ನಲ್ಲಿ, ಅಂದರೆ ಸಾಲ್ವಿಯಾ ಅಫಿಸಿನಾಲಿಸ್‌ನಲ್ಲಿ. ಅದರ ತವರು ಮೆಡಿಟರೇನಿಯನ್ ಕಡೆಯ ಸುಣ್ಣದ ಕಲ್ಲಿನ ಒಣ ಗುಡ್ಡಗಳು. ನಮ್ಮದು ಹುಳಿ ಮಣ್ಣು, ಮೇಲೆ ಜಡಿಮಳೆ. ಬೂದು ಬಣ್ಣದ, ಸಣ್ಣ ರೋಮದ ಎಲೆ ನೀರನ್ನು ಹಿಡಿದಿಟ್ಟುಕೊಂಡು ಕಪ್ಪಾಗಿ ಕೊಳೆಯುತ್ತದೆ. ಇದನ್ನು ನೆಲಕ್ಕೆ ನೆಡುವ ಆಸೆಯನ್ನೇ ಇಟ್ಟುಕೊಳ್ಳಬೇಡಿ. ನಾನು ಮಣ್ಣಿನ ಕುಂಡದಲ್ಲಿ ಬೆಳೆಸುತ್ತೇನೆ. ಕೆಂಪು ಮಣ್ಣು ಒಂದು ಪಾಲು, ದಪ್ಪ ಮರಳು ಒಂದು ಪಾಲು, ಕಳಿತ ಗೊಬ್ಬರ ಅದಕ್ಕಿಂತ ಕಡಿಮೆ. ತೋಟಕ್ಕೆ ಹಾಕುವ ಸುಣ್ಣವನ್ನೇ ಒಂದು ಹಿಡಿ ಬೆರೆಸುತ್ತೇನೆ. ಗೊಬ್ಬರ ಜಾಸ್ತಿಯಾದರೆ ಎಲೆ ದೊಡ್ಡದಾಗುತ್ತದೆ, ಘಮ ಕಡಿಮೆಯಾಗುತ್ತದೆ.

ಕುಂಡ ಇಡುವ ಜಾಗ ಇನ್ನೂ ಮುಖ್ಯ. ನಮ್ಮಲ್ಲಿ ಮಳೆಗಾಳಿ ಪಡುವಣದಿಂದ ಬೀಸುತ್ತದೆ. ಹಾಗಾಗಿ ಮೂಡಣ ಜಗಲಿಯ ಸೂರಿನ ಕೆಳಗೆ, ಇರಚಲು ಹೊಡೆಯದ ಹಾಗೆ, ಬೆಳಗಿನ ಬಿಸಿಲು ಬೀಳುವಲ್ಲಿ ಇಡುತ್ತೇನೆ. ಮೇ ಕೊನೆಗೆ ಗಿಡದ ಮೂರನೇ ಒಂದು ಭಾಗ ಸವರಿದರೆ ಒಳಗೆ ಗಾಳಿಯಾಡುತ್ತದೆ. ಎಲೆ ಇಲ್ಲದ ಹಳೆ ಕಟ್ಟಿಗೆವರೆಗೆ ಮಾತ್ರ ಕತ್ತರಿಸಬಾರದು, ಅಲ್ಲಿಂದ ಚಿಗುರುವುದು ಕಷ್ಟ. ಸವರಿದ ಎಲೆಯನ್ನು ನೆರಳಲ್ಲಿ ಒಣಗಿಸಿ ಡಬ್ಬಿಗೆ ತುಂಬುತ್ತೇನೆ. ಮಳೆಗಾಲ ಪೂರ್ತಿ ಮಣ್ಣು ಮುಟ್ಟಿ ನೋಡಿಯೇ ನೀರು.

ಹೊಸ ಗಿಡ ಮಾಡುವುದು ಮಳೆ ಬಿಟ್ಟ ಮೇಲೆ. ಬಲಿತೂ ಬಲಿಯದ, ಬೆರಳುದ್ದದ ಕಡ್ಡಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಮತ್ತು ತೆಂಗಿನ ನಾರಿನ ಪುಡಿ ತುಂಬಿದ ಕಾಫಿ ಸಸಿಯ ಕೊಟ್ಟೆಯಲ್ಲಿ ಊರುತ್ತೇನೆ. ತಿಂಗಳೊಳಗೆ ಬೇರು ಬರುತ್ತದೆ. ಲ್ಯೂಕಾಂಥಾಕ್ಕೂ ಇದೇ ದಾರಿ, ಅದು ಇನ್ನೂ ಬೇಗ.

"ಏನೇ ಇದು, ಕರ್ಪೂರದ ವಾಸನೆ! ಊಟಕ್ಕೆ ಹಾಕ್ತೀಯಾ?" ಅಂದಿದ್ದರು ಅತ್ತೆ. ತುಪ್ಪದಲ್ಲಿ ಎಲೆಯನ್ನು ಗರಿಗರಿ ಹುರಿದು ಆ ತುಪ್ಪವನ್ನೇ ಬಿಸಿ ಕಡುಬಿಗೆ ಹಾಕಿಕೊಟ್ಟೆ. ಈಗ ಅವರೇ ಎಲೆ ಕೀಳುತ್ತಾರೆ. ಯುರೋಪಿನಲ್ಲಿ ಜಿಡ್ಡಿನ ಮಾಂಸಕ್ಕೆ ಇದನ್ನು ಹಾಕುವ ರೂಢಿಯಿದೆ. ನಮ್ಮ ಹಂದಿ ಮಾಂಸಕ್ಕೂ ಸೈ. ಗಂಟಲು ಕೆರೆತಕ್ಕೆ ಎಲೆ ಕುದಿಸಿದ ನೀರಲ್ಲಿ ಬಾಯಿ ಮುಕ್ಕಳಿಸುವುದೂ ಅಲ್ಲಿನ ಹಳೆಯ ಪದ್ಧತಿ. ಸಾಲ್ವಿಯಾ ಎಂಬ ಹೆಸರು ಬಂದದ್ದೇ ಆರೋಗ್ಯ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ. ಆದರೂ ಇದರಲ್ಲಿ ಥುಜೋನ್ ಎಂಬ ಅಂಶವಿದೆ, ಅತಿಯಾದರೆ ಒಳ್ಳೆಯದಲ್ಲ. ಬಸುರಿಯರು ಔಷಧಿಯಂತೆ ಕುಡಿಯಬಾರದು.

ಇದೇ ಆರೈಕೆ ರೋಸ್‌ಮರಿಗೂ ಒಗ್ಗುತ್ತದೆ. ಅದೂ ಈಗ ಸಾಲ್ವಿಯಾವೇ ಗೊತ್ತಾ? ರೋಸ್‌ಮರೈನಸ್ ಎಂಬ ಬೇರೆ ಕುಲ ಬೇಡ ಎಂದು ಸಸ್ಯಶಾಸ್ತ್ರಜ್ಞರು 2017ರಲ್ಲಿ ವಾದಿಸಿದರು. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2019ರಲ್ಲಿ ಒಪ್ಪಿತು. ನರ್ಸರಿಯಲ್ಲಿ ಮಾತ್ರ ರೋಸ್‌ಮರಿ ಅಂತಲೇ ಕೇಳಿ.

ಇನ್ನು ಚಿಯಾ. ಅದು ಸಾಲ್ವಿಯಾ ಹಿಸ್ಪಾನಿಕಾ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ 1753ರಲ್ಲಿ ಸ್ಪೇನಿನದು ಎಂಬಂತೆ ಹೆಸರಿಟ್ಟ, ಗಿಡ ಮಾತ್ರ ಮೆಕ್ಸಿಕೋ ಮತ್ತು ಗ್ವಾಟೆಮಾಲದ್ದು. ನಮ್ಮ ಕಾಮಕಸ್ತೂರಿ ಬೀಜವನ್ನೇ ಚಿಯಾ ಅಂದುಕೊಳ್ಳುವವರಿದ್ದಾರೆ. ಕಾಮಕಸ್ತೂರಿ ಪೂರ್ತಿ ಕಪ್ಪು, ನೀರಿಗೆ ಹಾಕಿದ ಕೆಲವೇ ನಿಮಿಷಕ್ಕೆ ಉಬ್ಬುತ್ತದೆ. ಚಿಯಾ ಬೂದು, ಕಂದು, ಬಿಳಿ ಕಲೆಗಳ ಬೀಜ, ಉಬ್ಬಲು ಹೊತ್ತು ಬೇಕು. ಚಿಯಾವನ್ನೂ ಒಂದು ಮಡಿ ಹಾಕಿ ನೋಡಿದ್ದೇನೆ. ಹಗಲು ಹನ್ನೆರಡು ಗಂಟೆಗಿಂತ ಕಡಿಮೆಯಾದಾಗ ಹೂ ಬಿಡುವುದರಿಂದ ಜೂನಿನಲ್ಲಿ ಬಿತ್ತಿದರೆ ಸುಮ್ಮನೆ ಎತ್ತರಕ್ಕೆ ಬೆಳೆದು ಬಾಗುತ್ತದೆ, ಸೆಪ್ಟೆಂಬರ್ ಸರಿ. ಹಾಗೆ ಬಿತ್ತಿದರೆ ಕಟಾವು ಬರುವುದು ಕಾಫಿ ಕೊಯ್ಲಿನ ಮಧ್ಯಕ್ಕೆ. ಆಗ ಆಳು ಎಲ್ಲಿ ಸಿಗುತ್ತಾರೆ? ತೆನೆ ಒಣಗಿಸೋಣ ಎಂದರೆ ಕಣದ ತುಂಬ ಕಾಫಿ. ಅದನ್ನು ಕಡೂರು, ಅರಸೀಕೆರೆಯ ಬಯಲಿನವರಿಗೇ ಬಿಟ್ಟಿದ್ದೇನೆ.