ದ್ವೀಪದ ರಾಜಕಾರಣಿಯೊಬ್ಬರ ಜೀವನಚಿತ್ರ ಬರೆಯುವ ಬಗೆ

ರಾಜಕಾರಣಿಯ ಜೀವನಚಿತ್ರವನ್ನು ಹುಟ್ಟಿದ ದಿನಾಂಕದಿಂದ ಆರಂಭಿಸುವುದು ರೂಢಿ. ದ್ವೀಪದವರ ವಿಷಯದಲ್ಲಿ ಮೊದಲು ಆಡಳಿತದ ಚರಿತ್ರೆಯನ್ನು ತಿಳಿದುಕೊಳ್ಳಬೇಕು, ಏಕೆಂದರೆ ಅವರ ಕುರಿತ ಕಾಗದಪತ್ರಗಳು ಯಾವ ಊರಿನ ಕಡತದಲ್ಲಿ ಸಿಕ್ಕಾವು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಲಕ್ಷದ್ವೀಪದಿಂದ ಸತತ ಹತ್ತು ಬಾರಿ ಲೋಕಸಭೆಗೆ ಆಯ್ಕೆಯಾದ ಪಿ. ಎಂ. ಸಯೀದ್ ಅವರನ್ನು ಉದಾಹರಣೆಯಾಗಿಟ್ಟುಕೊಂಡು ಈ ಕೆಲಸದ ಕ್ರಮವನ್ನು ವಿವರಿಸುತ್ತೇನೆ.

ಸಯೀದ್ ಅವರು 1941ರಲ್ಲಿ ಆಂಡ್ರೋತ್ ದ್ವೀಪದಲ್ಲಿ ಹುಟ್ಟಿದರು. ಆಗ ಆ ದ್ವೀಪ ಮದ್ರಾಸ್ ಪ್ರಾಂತದ ಮಲಬಾರ್ ಜಿಲ್ಲೆಗೆ ಸೇರಿತ್ತು. ಉತ್ತರದ ಅಮಿನಿ, ಕಿಲ್ತಾನ್, ಚೆಟ್ಲಾತ್ ಮೊದಲಾದ ಅಮಿನ್‌ದೀವಿ ದ್ವೀಪಗಳು ಮಾತ್ರ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಇವೆಲ್ಲವೂ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು, 1964ರಲ್ಲಿ ಆಡಳಿತ ಕೇಂದ್ರ ಕೋಯಿಕ್ಕೋಡಿನಿಂದ (ಕಲ್ಲಿಕೋಟೆ) ಕವರತ್ತಿ ದ್ವೀಪಕ್ಕೆ ಹೋಯಿತು, 1973ರಲ್ಲಿ ಲಕ್ಷದ್ವೀಪವೆಂಬ ಹೆಸರು ಬಂದಿತು. ಆದ್ದರಿಂದ ಆ ತಲೆಮಾರಿನ ಕಿಲ್ತಾನ್ ನಾಯಕರ ಮನೆತನದ ದಾಖಲೆಗೆ ಮಂಗಳೂರನ್ನೂ, ಆಂಡ್ರೋತ್‌ನವರದಕ್ಕೆ ಕೋಯಿಕ್ಕೋಡನ್ನೂ ಮೊದಲು ನೋಡಬೇಕು. ಸಯೀದ್ ಅವರ ವಿಷಯದಲ್ಲಿ ಮಂಗಳೂರು ಬೇರೊಂದು ಕಾರಣಕ್ಕೆ ಮುಖ್ಯ: ಅವರು ಕಾಲೇಜಿನಲ್ಲಿ ಓದಿದ್ದು ಅಲ್ಲಿ, ಕಾನೂನು ಕಲಿತದ್ದು ಮುಂಬಯಿಯಲ್ಲಿ.

ವಂಶವೃಕ್ಷ ಬರೆಯುವಾಗ ತಂದೆಯ ಕಡೆಯನ್ನಷ್ಟೇ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಈ ದ್ವೀಪಗಳ ಮುಸ್ಲಿಮರಲ್ಲಿ ತರವಾಡು, ಅಂದರೆ ಕೂಡು ಮನೆತನ, ತಾಯಿಯ ಕಡೆಯಿಂದ ಸಾಗಿಬರುತ್ತದೆ. ನಮ್ಮ ಕರಾವಳಿಯ ಅಳಿಯಸಂತಾನವನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯಾರು ಯಾರ ಬೆಂಬಲಕ್ಕೆ ನಿಂತರು ಎಂಬುದು ಎಷ್ಟೋ ಸಲ ಪಕ್ಷದ ಹೆಸರಿಗಿಂತ ತರವಾಡಿನ ನಂಟಿನಲ್ಲೇ ಸ್ಪಷ್ಟವಾದೀತು.

ಅನಂತರ ಚುನಾವಣಾ ಆಯೋಗದ ಅಂಕಿಅಂಶ ವರದಿಗಳನ್ನು ಒಂದೊಂದಾಗಿ ಓದಬೇಕು. 1967ಕ್ಕಿಂತ ಮುಂಚೆ ದ್ವೀಪಗಳ ಸಂಸದರನ್ನು ರಾಷ್ಟ್ರಪತಿಗಳೇ ನಾಮಕರಣ ಮಾಡುತ್ತಿದ್ದರು. ಆ ವರ್ಷದ ಮೊದಲ ನೇರ ಚುನಾವಣೆಯಲ್ಲಿ ಸಯೀದ್ ಪಕ್ಷೇತರರಾಗಿ ಗೆದ್ದರು, ಮುಂದೆ ಕಾಂಗ್ರೆಸ್ಸಿನಲ್ಲಿ ಬೆಳೆದರು. 1999ರವರೆಗಿನ ಗೆಲುವುಗಳನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಬಹುದು, 2004ನ್ನು ಹಾಗೆ ಮುಗಿಸಬಾರದು. ಆ ವರ್ಷ ಸಂಯುಕ್ತ ಜನತಾದಳದ ಪಿ. ಪೂಕುಂಞಿ ಕೋಯ ಅವರೆದುರು ಸಯೀದ್ ಸೋತದ್ದು ಕೇವಲ 71 ಮತಗಳಿಂದ. 2011ರ ಜನಗಣತಿಯಲ್ಲಿಯೂ 64,473 ಜನರಷ್ಟೇ ಇದ್ದ ಪ್ರದೇಶವಿದು. ಇಲ್ಲಿ 71 ಮತವೆಂದರೆ ನಾಲ್ಕಾರು ದೊಡ್ಡ ಕುಟುಂಬಗಳ ಮನಸ್ಸು ಬದಲಾದಷ್ಟೇ. ಹಾಗಾಗಿ ಸೋಲಿನ ಕಾರಣವನ್ನು ದೇಶದ ಗಾಳಿಯಲ್ಲಿ ಹುಡುಕುವ ಮೊದಲು ಜನವಸತಿಯಿರುವ ಹತ್ತೂ ದ್ವೀಪಗಳ ಮತಗಟ್ಟೆವಾರು ಲೆಕ್ಕ ದೊರೆಯುವುದೇ ಎಂದು ವಿಚಾರಿಸುವುದು ಲೇಸು.

ಸಂಸತ್ತಿನ ಚರ್ಚೆಗಳನ್ನು ಓದುವಾಗಲೂ ಒಂದು ಎಚ್ಚರ ಬೇಕು. 1998ರ ಡಿಸೆಂಬರಿನಿಂದ ಆ ಲೋಕಸಭೆ ವಿಸರ್ಜನೆಯಾಗುವವರೆಗೆ, ಮತ್ತೆ 1999ರಿಂದ 2004ರವರೆಗೆ ಸಯೀದ್ ಉಪಸಭಾಧ್ಯಕ್ಷರಾಗಿದ್ದರು. ಪೀಠದಲ್ಲಿ ಕುಳಿತವರ ಮಾತು ‘ಮುಂದಿನ ಸದಸ್ಯರು’, ‘ಸಮಯ ಮುಗಿಯಿತು’ ಎಂಬಷ್ಟಕ್ಕೇ ನಿಲ್ಲುವುದರಿಂದ, ಆ ವರ್ಷಗಳಲ್ಲಿ ಕ್ಷೇತ್ರದ ಪ್ರಸ್ತಾಪ ಕಡಿಮೆಯಾದದ್ದನ್ನು ಉದಾಸೀನವೆಂದು ಬರೆದರೆ ಅನ್ಯಾಯವಾಗುತ್ತದೆ. ಸೋತ ಮೇಲೂ ಅವರು ಕೇಂದ್ರ ಇಂಧನ ಸಚಿವರಾದದ್ದು ಓದುಗರಿಗೆ ವಿಚಿತ್ರವೆನಿಸೀತು. ಸಚಿವರಾದವರು ಆರು ತಿಂಗಳೊಳಗೆ ಯಾವುದಾದರೊಂದು ಸದನದ ಸದಸ್ಯರಾಗಬೇಕೆಂಬ ನಿಯಮವನ್ನೂ, ಅವರು ದೆಹಲಿಯಿಂದ ರಾಜ್ಯಸಭೆಗೆ ಹೋದದ್ದನ್ನೂ ಅಲ್ಲಿಯೇ ಹೇಳಿಬಿಡಬೇಕು. 2005ರ ಡಿಸೆಂಬರಿನಲ್ಲಿ ಅವರು ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ತೀರಿಕೊಂಡರು. ಮಗ ಹಮ್ದುಲ್ಲಾ ಸಯೀದ್ 2009ರಲ್ಲಿಯೂ 2024ರಲ್ಲಿಯೂ ಅದೇ ಕ್ಷೇತ್ರದಿಂದ ಗೆದ್ದ ಸಂಗತಿಗೆ ಎರಡು ಸಾಲು ಸಾಕು, ಅದು ಬೇರೆಯೇ ಕಥೆ.

ಕೊನೆಯದಾಗಿ, ಹಿರಿಯರ ನೆನಪುಗಳನ್ನು ಸಂಗ್ರಹಿಸುವ ಕೆಲಸ. ದ್ವೀಪಗಳಿಗೆ ಹೋಗಲು ಹೊರಗಿನವರಿಗೆ ಪರವಾನಗಿ ಬೇಕು, ಮಳೆಗಾಲದಲ್ಲಿ ಕೊಚ್ಚಿಯ ಹಡಗುಗಳನ್ನು ನಂಬುವಂತಿಲ್ಲ. ಅಷ್ಟರೊಳಗೆ ಮಂಗಳೂರಿನ ಹಳೆ ಬಂದರಿಗೆ ಹೋಗಿ ಬರಬಹುದು. ದ್ವೀಪಗಳಿಗೆ ಸಾಮಾನು ಸಾಗಿಸುವ ಮಂಜಿಗಳವರೊಡನೆ (ಮಂಜಿ ಎಂದರೆ ಮರದ ಸರಕು ಹಡಗು) ಮಾತಿಗೆ ಕುಳಿತು, ಹೇಳಿದವರ ದ್ವೀಪ, ತರವಾಡು, ವಯಸ್ಸುಗಳನ್ನು ಪ್ರತಿಯೊಂದು ಮಾತಿನ ಪಕ್ಕದಲ್ಲೇ ಗುರುತು ಹಾಕಿಕೊಳ್ಳಬೇಕು.